ಕೂಲರಿಗೆ ಎಣ್ಣೆ: ಎಲ್ಲಿ, ಯಾವುದು, ಎಷ್ಟು

ಕೂಲರಿನ ಮೋಟಾರು ಬೇಸಿಗೆಯಲ್ಲಿ ಓಡಿ ಕೆಡುವುದಕ್ಕಿಂತ ಉಳಿದ ಕಾಲದಲ್ಲಿ ಸುಮ್ಮನೆ ನಿಂತು ಕೆಡುವುದೇ ಹೆಚ್ಚು. ಕಲಬುರಗಿಯ ನಮ್ಮ ಮನೆಯ ಕೂಲರುಗಳನ್ನು ವರ್ಷವರ್ಷವೂ ನಾನೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸುತ್ತ ಬಂದವನಾಗಿ ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ಜೂನ್‌ನಲ್ಲಿ ಮೃಗಶಿರಾ ಮಳೆ ಬಿದ್ದ ಕೂಡಲೇ ಕೂಲರನ್ನು ಮೂಲೆಗೆ ತಳ್ಳುತ್ತೇವೆ. ತೊಟ್ಟಿಯ ತಳದಲ್ಲಿ ಒಂದಿಷ್ಟು ನೀರು, ಹುಲ್ಲಿನಲ್ಲಿ ತೇವ ಹಾಗೆಯೇ ಉಳಿದಿರುತ್ತದೆ. ಮೋಟಾರಿನ ನಡುವೆ ತಿರುಗುವ ದಂಡ ಶಾಫ್ಟು, ಅದು ಕೂತು ತಿರುಗುವ ಉಂಗುರ ಬುಷ್. ಬುಷ್‌ನಲ್ಲಿದ್ದ ಎಣ್ಣೆ ಮೆಲ್ಲಗೆ ಇಳಿದುಹೋಗುತ್ತದೆ, ಉಳಿದದ್ದು ಧೂಳಿನೊಡನೆ ಕಲೆತು ಅಂಟಾಗುತ್ತದೆ, ಬರಿದಾದ ಶಾಫ್ಟಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮುಂದಿನ ಬೇಸಿಗೆಯ ಮೊದಲ ದಿನ ಗುಂಡಿ ಒತ್ತಿದಾಗ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ತಿರುಗದೆ ನಿಂತ ಮೋಟಾರಿನ ಸುರುಳಿಯಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ, ಕೆಲವೇ ನಿಮಿಷಗಳಲ್ಲಿ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಅದು ವೈಂಡಿಂಗ್ ಅಂಗಡಿಯ ಕೆಲಸ.

ನಾನು ಮೆಕ್ಯಾನಿಕ್ ಅಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಕೆಲಸಕ್ಕೆ ಕೈ ಹಾಕಿದ್ದು ತಾಯಿಗಾಗಿ. ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 42, 43 ಡಿಗ್ರಿ ದಾಟುವುದು ವಿಶೇಷವಲ್ಲ. ಬಿಸಿಲಿಗೆ ಹೆದರಿಯೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಅಂಥ ಮಧ್ಯಾಹ್ನದಲ್ಲಿ ವಯಸ್ಸಾದವರ ಕೋಣೆಯ ಕೂಲರ್ ನಿಂತರೆ ಅದು ಬರಿಯ ಅನಾನುಕೂಲವಲ್ಲ, ಅಪಾಯ. ಆ ಹೊತ್ತಿಗೆ ರಿಪೇರಿಯವರನ್ನು ಕರೆದರೆ ಊರಿನ ಎಲ್ಲ ಕೂಲರುಗಳೂ ಅವರ ಸಾಲಿನಲ್ಲಿ ನಿಂತಿರುತ್ತವೆ. ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಅದಕ್ಕೆ ಮೊದಲೇ ನನ್ನ ಕೆಲಸ ಮುಗಿದಿರಬೇಕು ಎಂಬುದು ನಾನು ಇಟ್ಟುಕೊಂಡ ಗಡುವು.

ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಗೋಡೆಯಿಂದ ಹೊರಗೆ ಬರಬೇಕು. ತಗಡು, ನೀರು, ವಿದ್ಯುತ್ತು ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಇದು. ಕೂಲರಿನ ಶಾಕ್‌ನಿಂದ ಜೀವ ಹೋದ ಸುದ್ದಿಯನ್ನು ಬೇಸಿಗೆಯಲ್ಲಿ ನಾವು ಓದುತ್ತಲೇ ಇರುತ್ತೇವೆ. ತೊಟ್ಟಿಯ ನೀರು ಖಾಲಿ ಮಾಡಿ, ಮೂರೂ ಕಡೆಯ ಹುಲ್ಲಿನ ಚೌಕಟ್ಟು ತೆಗೆದು, ಒಳಗೆಲ್ಲ ಒಣಗಿದ ಮೇಲೆಯೇ ಕೈ ಹಾಕುತ್ತೇನೆ. ಮೋಟಾರು ತಿರುಗತೊಡಗಲು ನೆರವಾಗುವ ಸಣ್ಣ ಡಬ್ಬಿ ಕೆಪ್ಯಾಸಿಟರ್, ಅದರ ತುದಿಗಳನ್ನು ಬರಿಗೈಯಿಂದ ಮುಟ್ಟುವುದಿಲ್ಲ.

ಪಾನಾ ಹಿಡಿಯುವುದಕ್ಕೆ ಮುಂಚೆ ಫ್ಯಾನಿನ ಎಲೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಡುತ್ತೇನೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಇದೇ ಕ್ಷಣ. ಸದ್ದಿಲ್ಲದೆ ಸುತ್ತಿ, ನಿಧಾನವಾಗಿ ನಿಂತರೆ ಮೋಟಾರು ಚೆನ್ನಾಗಿದೆ. ಕೈ ಬಿಟ್ಟ ಕೂಡಲೇ ನಿಂತರೆ ಒಳಗೆ ಎಣ್ಣೆ ಒಣಗಿದೆ ಅಥವಾ ಅಂಟಾಗಿದೆ. ಕೆಲವು ಮೋಟಾರುಗಳಲ್ಲಿ ಬುಷ್ ಬದಲು ಗುಂಡುಗಳ ಮೇಲೆ ತಿರುಗುವ ಬಾಲ್ ಬೇರಿಂಗ್ ಇರುತ್ತದೆ, ಅಂಥದ್ದು ಸುತ್ತುವಾಗ ಗರಗರ ಎಂದರೆ ಬೇರಿಂಗ್ ಸವೆದಿದೆ. ಆಮೇಲೆ ಶಾಫ್ಟನ್ನು ಹಿಡಿದು ಹಿಂದೆ ಮುಂದೆ ಎಳೆದು ನೋಡುತ್ತೇನೆ. ಬುಷ್ ಮೋಟಾರಿನಲ್ಲಿ ಉದ್ದಕ್ಕೆ ಕೂದಲೆಳೆಯಷ್ಟು ಆಟ ಇರಬೇಕಾದದ್ದೇ. ಮೇಲೆ ಕೆಳಗೆ ಅಲುಗಾಡಿದರೆ ಮಾತ್ರ ಬುಷ್ ಸವೆದು ಅಗಲವಾಗಿದೆ ಎಂದು ಅರ್ಥ, ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ.

ಇನ್ನೊಂದು ಸಂಗತಿಯನ್ನು ಇದೇ ಪರೀಕ್ಷೆ ಹೇಳಿಬಿಡುತ್ತದೆ. ಕೈಯಿಂದ ತಿರುಗಿಸಿದಾಗ ಹಗುರವಾಗಿ ಸುತ್ತುವ ಫ್ಯಾನು ಕರೆಂಟು ಕೊಟ್ಟಾಗ ಗುಂಯ್ ಎಂದು ನಿಂತಲ್ಲೇ ನಿಂತರೆ ತಪ್ಪು ಎಣ್ಣೆಯದಲ್ಲ, ಬಹುಮಟ್ಟಿಗೆ ಕೆಪ್ಯಾಸಿಟರಿನದು. ಅಂಥ ಮೋಟಾರಿಗೆ ಎಣ್ಣೆ ಸುರಿದು ಸುರಿದು ಸುರುಳಿಯನ್ನೇ ತೋಯಿಸಿದವರನ್ನು ಕಂಡಿದ್ದೇನೆ.

ಈಗ ಯಾವ ಎಣ್ಣೆ ಎಂಬ ಮಾತು. ನಮ್ಮ ಸೀಮೆಯಲ್ಲಿ ಕೀಲು ಕಿರುಗುಟ್ಟಿದರೆ ಕೈ ಹೋಗುವುದು ಅಡುಗೆಮನೆಯ ಕುಸುಬೆ ಎಣ್ಣೆಯ ಕಡೆಗೆ. ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ, ಕೂಲರಿಗೆ ಎಲ್ಲಕ್ಕೂ ಅದೇ. ರೊಟ್ಟಿಯ ಜೊತೆ ಚಟ್ನಿಪುಡಿಗೆ ಕಲಸಿ ತಿನ್ನಲು ಅದರಷ್ಟು ಒಳ್ಳೆಯ ಎಣ್ಣೆ ಇಲ್ಲ, ಯಂತ್ರಕ್ಕೆ ಮಾತ್ರ ಅದರಷ್ಟು ಕೆಟ್ಟದ್ದೂ ಇಲ್ಲ. ಕುಸುಬೆ ಒಣಗುವ ಜಾತಿಯ ಎಣ್ಣೆ. ಹಳೆಯ ತಳಿಗಳ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ ಇರುತ್ತದೆ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ತೆಳುವಾದ ಗಟ್ಟಿ ಪದರವಾಗುತ್ತದೆ. ಈ ಗುಣಕ್ಕಾಗಿಯೇ ಕುಸುಬೆ ಎಣ್ಣೆಯನ್ನು ಬಣ್ಣ, ವಾರ್ನಿಷ್ ತಯಾರಿಕೆಯಲ್ಲಿ ಬಳಸುತ್ತಾರೆ. ಹಾಕಿದ ದಿನ ಮೋಟಾರು ಬೆಣ್ಣೆಯಂತೆ ತಿರುಗುತ್ತದೆ, ಮುಂದಿನ ಫೆಬ್ರವರಿಗೆ ಶಾಫ್ಟು ಬುಷ್‌ಗೆ ಅಂಟಿಕೊಂಡಿರುತ್ತದೆ. ಶೇಂಗಾ ಎಣ್ಣೆ ಇಷ್ಟು ಬೇಗ ಒಣಗುವುದಿಲ್ಲವಾದರೂ ಕಾಲಕ್ರಮದಲ್ಲಿ ಜಿಗುಟಾಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರಿನ ರಾತ್ರಿಗೆ ಅದು ಬುಷ್‌ನೊಳಗೆ ಮೇಣವಾಗಿ ಕುಳಿತಿರುತ್ತದೆ. ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಔಡಲ ಎಣ್ಣೆ ಒಣಗದ ಜಾತಿಯದು, ನಿಧಾನವಾಗಿ ಉರುಳುವ ಗಾಲಿಗೆ ಸರಿಯಾಗಿತ್ತು. ನಿಮಿಷಕ್ಕೆ ಸಾವಿರದಷ್ಟು ಸುತ್ತು ಸುತ್ತುವ ಸಣ್ಣ ಶಾಫ್ಟಿಗೆ ಅದು ತೀರ ದಪ್ಪ.

ಬುಷ್ ಮೋಟಾರಿಗೆ ನಾನು ಹಾಕುವುದು ಡಿಟರ್ಜೆಂಟ್ ಬೆರೆಸದ ಖನಿಜ ಎಣ್ಣೆ, ಐಎಸ್ಒ ದರ್ಜೆ 32ರದು. ಈ ನಂಬರಿನ ಹಿಂದೆ ಒಂದು ಸೊಗಸಾದ ಲೆಕ್ಕವಿದೆ: 40 ಡಿಗ್ರಿ ಉಷ್ಣಾಂಶದಲ್ಲಿ ಎಣ್ಣೆಯ ಸ್ನಿಗ್ಧತೆ ಎಷ್ಟು ಸೆಂಟಿಸ್ಟೋಕ್ಸ್ ಎಂಬುದೇ ಆ ಅಂಕಿ. ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನದ ನೆರಳಿನಲ್ಲಿ ಇಟ್ಟ ಎಣ್ಣೆ ಡಬ್ಬಿಯ ಮೇಲೆ ಬರೆದಷ್ಟೇ ದಪ್ಪ ಇರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕಿಂತ ತೆಳು. ತುರ್ತಿಗೆ ನಡೆಯುತ್ತದೆ, ಹಗಲೂ ರಾತ್ರಿ ಓಡುವ ಫ್ಯಾನಿನಲ್ಲಿ ಬೇಗ ಖರ್ಚಾಗುತ್ತದೆ. ಬೈಕಿನ ಎಂಜಿನ್ ಎಣ್ಣೆ ಮನೆಯಲ್ಲಿ ಉಳಿದಿದೆ ಎಂದು ಹಾಕುವುದು ಬೇಡ. ಅದರಲ್ಲಿ ಕೊಳೆಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುವ ರಾಸಾಯನಿಕ ಬೆರೆಸಿರುತ್ತಾರೆ. ಎಂಜಿನ್‌ನಲ್ಲಿ ಆ ಕೊಳೆಯನ್ನು ಹಿಡಿಯಲು ಸೋಸುಕ ಇದೆ, ಕೂಲರ್ ಮೋಟಾರಿನಲ್ಲಿ ಇಲ್ಲ. ಕೊಳೆ ಹೋಗಿ ಬುಷ್‌ನ ರಂಧ್ರಗಳಲ್ಲಿ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಜಾಮ್ ಆದ ಸ್ಕ್ರೂ ಸಡಿಲಿಸಲು ಅದು ಬೇಕೇ ಬೇಕು. ಅದರ ಬಹುಪಾಲು ಆವಿಯಾಗಿ ಹೋಗುವ ದ್ರಾವಕ, ಬುಷ್‌ಗೆ ಹೊಡೆದರೆ ಇದ್ದ ಎಣ್ಣೆಯನ್ನೂ ತೊಳೆದು ಹೋಗುತ್ತದೆ.

ರಂಧ್ರಗಳ ಮಾತು ಬಂತು. ಈ ಮೋಟಾರುಗಳ ಬುಷ್ ನೋಡಲು ಗಟ್ಟಿ ಕಂಚಿನ ಉಂಗುರ, ಆದರೆ ಅದು ಎರಕ ಹೊಯ್ದದ್ದಲ್ಲ. ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗದಷ್ಟು ಕಾಯಿಸಿ ಬೆಸೆದದ್ದು. ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು, ಅವುಗಳ ತುಂಬ ಎಣ್ಣೆ. ಶಾಫ್ಟು ಸುತ್ತಿ ಬಿಸಿಯಾದಾಗ ಎಣ್ಣೆ ಹೊರಗೆ ಒಸರುತ್ತದೆ, ತಣ್ಣಗಾದಾಗ ಮರಳಿ ಒಳಗೆ ಹೀರಿಕೊಳ್ಳುತ್ತದೆ. ಬುಷ್ ಸುತ್ತ ಉಣ್ಣೆಯ ಫೆಲ್ಟ್ ಉಂಗುರವೊಂದು ಇರುತ್ತದೆ, ಅದು ಎಣ್ಣೆಯ ದಾಸ್ತಾನು. ಆದ್ದರಿಂದ ಎಣ್ಣೆ ಹಾಕಬೇಕಾದದ್ದು ಶಾಫ್ಟಿನ ಮೇಲಲ್ಲ, ಈ ಫೆಲ್ಟಿಗೆ. ಬುಷ್‌ನ ಒಳಮೈಯನ್ನು ಪಾಲಿಷ್ ಕಾಗದದಿಂದ ಉಜ್ಜಿ ಹೊಳೆಯಿಸುವವರಿದ್ದಾರೆ. ಹಾಗೆ ಉಜ್ಜಿದರೆ ರಂಧ್ರಗಳ ಬಾಯಿ ಮುಚ್ಚಿ ಎಣ್ಣೆ ಬರುವ ದಾರಿಯೇ ನಿಲ್ಲುತ್ತದೆ. ನಾನು ಹತ್ತಿಯ ಬತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಳಗೆ ತಿರುಗಿಸುತ್ತೇನೆ, ಬತ್ತಿ ಕಪ್ಪಾಗದೆ ಹೊರಬರುವ ತನಕ ಅದನ್ನೇ ಮಾಡುತ್ತೇನೆ. ಸೀಮೆಎಣ್ಣೆ ಪೂರ್ತಿ ಆರಿದ ಮೇಲೆ ಫೆಲ್ಟಿಗೆ ಎಣ್ಣೆ ಹನಿಸುತ್ತೇನೆ. ಪೆಟ್ರೋಲನ್ನು ಈ ಕೆಲಸಕ್ಕೆ ಮನೆಯೊಳಗೆ ತರಲೇಬಾರದು.

ಮೋಟಾರನ್ನು ಪೂರ್ತಿ ಬಿಚ್ಚಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ, ಅದನ್ನು ಕಲಿಸಿದವರು ನಮ್ಮ ಬಡಾವಣೆಯ ವೈಂಡಿಂಗ್ ಅಂಗಡಿಯ ಕಾಕಾ. ಅವರು ಎಣ್ಣೆಯನ್ನು ಒಂದು ಬಟ್ಟಲಿನಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಆ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿ, ಬುಷ್ ಅನ್ನು ಅದರಲ್ಲಿ ಮುಳುಗಿಸಿಡುತ್ತಾರೆ. ರಂಧ್ರಗಳಲ್ಲಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲೆ ಬರುತ್ತದೆ, ಆ ಜಾಗಕ್ಕೆ ಎಣ್ಣೆ ಇಳಿಯುತ್ತದೆ. "ಗುಳ್ಳೆ ನಿಲ್ಲುವವರೆಗೆ ತೆಗೆಯಬೇಡಿ ಸರ್, ಅವಸರ ಮಾಡಿದರೆ ಅರ್ಧ ಹೊಟ್ಟೆಯೇ" ಎಂದು ಅವರು ಹೇಳಿದ್ದು ನೆನಪಿದೆ. ಬಟ್ಟಲು ತಣ್ಣಗಾಗುವಷ್ಟು ಹೊತ್ತು ಹಾಗೆಯೇ ಬಿಡುತ್ತೇನೆ.

ಮೋಟಾರಿಗೆ ಎರಡು ಬುಷ್ ಇರುತ್ತವೆ, ಒಂದು ಹಿಂದೆ, ಒಂದು ಮುಂದೆ ಎಲೆಯ ಬುಡದಲ್ಲಿ. ಹುಲ್ಲಿನ ಚೌಕಟ್ಟು ತೆಗೆದರೆ ಸುಲಭವಾಗಿ ಕೈಗೆ ಸಿಗುವುದು ಹಿಂದಿನದು. ಹೆಚ್ಚಿನವರು ಅದಕ್ಕೆ ಎಣ್ಣೆ ಹಾಕಿ ಮುಗಿಸುತ್ತಾರೆ. ಎಲೆಗಳ ಭಾರ ಹೊರುವುದು, ಹೆಚ್ಚು ಸವೆಯುವುದು ಮುಂದಿನ ಬುಷ್. ಅದನ್ನು ತಲುಪಲು ಎಲೆಯನ್ನು ತೆಗೆಯಲೇಬೇಕು. ಬುಡದ ಸಣ್ಣ ಸ್ಕ್ರೂ ಸಾಮಾನ್ಯವಾಗಿ ತುಕ್ಕು ಹಿಡಿದಿರುತ್ತದೆ, ತುಕ್ಕಿನ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡುತ್ತೇನೆ. ತೆಗೆಯುವ ಮುಂಚೆ ಎಲೆ ಶಾಫ್ಟಿನ ಮೇಲೆ ಎಲ್ಲಿ ಕೂತಿತ್ತೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯುತ್ತೇನೆ. ಸುತ್ತಿಗೆಯಿಂದ ಹೊಡೆದು ಬಿಡಿಸಿದರೆ ಎಲೆ ಸೊಟ್ಟಗಾಗುತ್ತದೆ, ಸೊಟ್ಟ ಎಲೆಯ ಅದುರುವಿಕೆ ಹೊಸ ಬುಷ್ಷನ್ನೂ ಒಂದೇ ಬೇಸಿಗೆಯಲ್ಲಿ ತಿಂದುಹಾಕುತ್ತದೆ.

ಎಷ್ಟು ಎಣ್ಣೆ? ಮೂರ್ನಾಲ್ಕು ಹನಿ. ಫೆಲ್ಟು ಹೀರಿಕೊಂಡ ಮೇಲೆ ಇನ್ನೊಂದೆರಡು. ಫೆಲ್ಟು ತಾಳುವುದಕ್ಕಿಂತ ಹೆಚ್ಚಿನದು ಒಳಗೆ ಸುರುಳಿಯ ಕಡೆಗೋ ಹೊರಗೆ ಎಲೆಯ ಮೇಲೋ ಹರಿಯುತ್ತದೆ. ಎಲೆಯ ಮೇಲೆ ಹರಿದದ್ದಕ್ಕೆ ಕರಿಮಣ್ಣಿನ ಧೂಳು ಮೆತ್ತಿಕೊಳ್ಳುತ್ತದೆ, ಅದು ತೊಟ್ಟಿಗೆ ತೊಟ್ಟಿಕ್ಕಿದರೆ ಪಂಪು ಅದನ್ನು ನೀರಿನ ಜೊತೆ ಹುಲ್ಲಿಗೆ ಏರಿಸುತ್ತದೆ. ಎಣ್ಣೆ ಮೆತ್ತಿದ ಹುಲ್ಲು ನೀರು ಹಿಡಿಯುವುದಿಲ್ಲ. ನೀರು ಆವಿಯಾಗುವುದರಿಂದಲೇ ಗಾಳಿ ತಂಪಾಗುವುದು, ಹುಲ್ಲೇ ಒಣಗಿದರೆ ಕೂಲರ್ ಬರಿಯ ಬಿಸಿಗಾಳಿ ಊದುವ ಪೆಟ್ಟಿಗೆ. ಮೇಲಾಗಿ ಕೋಣೆಯ ತುಂಬ ಎಣ್ಣೆಯ ನಾತ. ಅದಕ್ಕೇ ಎಣ್ಣೆ ಹಾಕಿದ ಮೇಲೆ ಹುಲ್ಲು, ನೀರು ಎರಡೂ ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಪ್ಲಗ್ ಕಿತ್ತು, ಹೊರಗೆ ಒಸರಿದ್ದನ್ನು ಬಟ್ಟೆಯಿಂದ ಒರೆಸಿದ ನಂತರವೇ ಚೌಕಟ್ಟು ಕೂರಿಸುತ್ತೇನೆ.

ಮನೆಯ ದೊಡ್ಡ ಕೂಲರಿನದು ಬಾಲ್ ಬೇರಿಂಗಿನ ಮೋಟಾರು, ಅದರ ರೀತಿಯೇ ಬೇರೆ. ಎರಡೂ ಬದಿ ಮುಚ್ಚಿದ ಬೇರಿಂಗಿನೊಳಗೆ ಗ್ರೀಸ್ ಮೊದಲೇ ತುಂಬಿರುತ್ತದೆ, ಹೊರಗಿನಿಂದ ಎಣ್ಣೆ ಬಿಟ್ಟರೆ ಒಳಗಿನ ಗ್ರೀಸ್ ಸಡಿಲವಾಗಿ ಹರಿದುಹೋಗುತ್ತದೆ. ಗರಗರ ಸದ್ದು ಬಂದರೆ ಬದಲಾಯಿಸುವುದೇ ದಾರಿ. ನಂಬರ್ ಬೇರಿಂಗಿನ ಅಂಚಿನ ಮೇಲೆ ಕೊರೆದಿರುತ್ತದೆ. ನನ್ನದರಲ್ಲಿ ಇದ್ದದ್ದು 6202. ಕೊನೆಯ ಎರಡು ಅಂಕಿ ಒಳರಂಧ್ರದ ಗುರುತು: 00 ಎಂದರೆ 10 ಮಿಲಿಮೀಟರ್, 01 ಎಂದರೆ 12, 02 ಎಂದರೆ 15, 03 ಎಂದರೆ 17. 04ರಿಂದ ಮುಂದೆ ಅಂಕಿಯನ್ನು 5ರಿಂದ ಗುಣಿಸಿದರೆ ಆಯಿತು. ಇದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳಿಕೊಟ್ಟಾಗ ಅವರು ಮನೆಯಲ್ಲಿನ ಹಳೆಯ ಬೇರಿಂಗುಗಳನ್ನೆಲ್ಲ ತಂದು ಅಳೆದು ನೋಡಿದರು. ತೊಗರಿಯ ಊರು ನಮ್ಮದು. ದಾಲ್ ಮಿಲ್ಲುಗಳಿರುವ ಕಡೆ ಬೇರಿಂಗ್ ಅಂಗಡಿಗಳೂ ಇರುತ್ತವೆ, ಈ ನಂಬರುಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ನಂಬರಿನ ಹಿಂದೆ ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನದು. ಸೀಲಿಂಗ್ ಫ್ಯಾನಿಗೆ ತಗಡಿನದು ಸಾಕು. ಕೂಲರಿಗೆ ನಾನು ರಬ್ಬರಿನದನ್ನೇ ಕೇಳಿ ತರುತ್ತೇನೆ. ತಗಡು ಧೂಳನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ.

ಇಲ್ಲಿ ಒಂದನ್ನು ಗಮನಿಸಬೇಕು. ಕೂಲರ್ ಮೋಟಾರಿನ ದೊಡ್ಡ ಶತ್ರು ಊರಿನ ಬಿಸಿಲಲ್ಲ. ಹೊರಗಿನ ಬಿಸಿಗಾಳಿ ಹುಲ್ಲನ್ನು ದಾಟಿ ತಣ್ಣಗಾದ ಮೇಲೆಯೇ ಮೋಟಾರನ್ನು ಮುಟ್ಟುತ್ತದೆ. ಅದು ಕೂತಿರುವುದು ತಂಪಿನಲ್ಲಿ, ಆದರೆ ಸದಾ ತೇವದಲ್ಲಿ. ಹಾಗಾಗಿ ಗ್ರೀಸ್ ಆರಿಸುವಾಗ ಎಷ್ಟು ಕಾವು ತಡೆಯುತ್ತದೆ ಎಂಬುದಕ್ಕಿಂತ ನೀರಿಗೆ ಹೇಗೆ ನಿಲ್ಲುತ್ತದೆ ಎಂದು ಕೇಳುವುದು ಸರಿ. ಮನೆಯ ಮಟ್ಟಿಗೆ ಒಳ್ಳೆಯ ಲಿಥಿಯಂ ಗ್ರೀಸ್ ಸಾಕು. ತೆರೆದ ಬೇರಿಂಗಿಗೆ ತುಂಬುವುದಾದರೆ ಒಳಗಿನ ಖಾಲಿ ಜಾಗದ ಮೂರನೆಯ ಒಂದು ಪಾಲು ಮಾತ್ರ. ಇಡಿಯಾಗಿ ತುರುಕಿದರೆ ಗುಂಡುಗಳು ಗ್ರೀಸನ್ನೇ ಕಡೆಯುತ್ತ ಬಿಸಿಯಾಗುತ್ತವೆ. ಹೊಸ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳ ಉಂಗುರಕ್ಕೆ ಸರಿಹೊಂದುವ ಕೊಳವೆಯ ತುಂಡಿಟ್ಟು ಮೆಲ್ಲಗೆ ತಟ್ಟುತ್ತೇನೆ. ಹೊರ ಉಂಗುರಕ್ಕೆ ಪೆಟ್ಟು ಬಿದ್ದರೆ ಗುಂಡುಗಳು ಹಾದಿಯಲ್ಲಿ ಕುಳಿ ಮಾಡಿ, ಹೊಸದೂ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಗಾಳಿ ತಿರುಗಿಸುವ ಪಟ್ಟಿಗಳ ಕೀಲು ಪ್ಲಾಸ್ಟಿಕ್ಕಿನದಾದರೆ ಸಿಲಿಕೋನ್ ಗ್ರೀಸ್ ಒಂದಿಷ್ಟು ಸವರುತ್ತೇನೆ. ಕೆಲವು ಬಗೆಯ ಪ್ಲಾಸ್ಟಿಕ್ ಖನಿಜ ಎಣ್ಣೆ ತಗುಲಿದರೆ ಸೀಳುತ್ತದೆ. ತಗಡಿನ ಕೂಲರಿನ ಪಟ್ಟಿಗೆ, ಚಿಲಕಕ್ಕೆ ಮಾಮೂಲಿ ಎಣ್ಣೆ, ಗಾಲಿಗಳ ಅಚ್ಚಿಗೆ ಗ್ರೀಸ್.

ಪಂಪಿಗೆ ಏನೂ ಬೇಡ. ತೊಟ್ಟಿಯಲ್ಲಿ ಮುಳುಗಿರುವ ಸಣ್ಣ ಪಂಪಿನ ಚಕ್ರಕ್ಕೆ ನೀರೇ ಎಣ್ಣೆ, ಆದ್ದರಿಂದಲೇ ನೀರಿಲ್ಲದೆ ಓಡಿಸಿದರೆ ಅದು ಹಾಳಾಗುತ್ತದೆ. ಅದನ್ನು ನಿಲ್ಲಿಸುವುದು ಸುಣ್ಣ. ಶಹಾಬಾದ್ ಫರ್ಸಿ ಸಿಗುವ ಸುಣ್ಣಕಲ್ಲಿನ ನಾಡು ಇದು, ಕೊಳವೆಬಾವಿಯ ನೀರು ಗಡುಸು. ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಬಿಸಿನೀರಿನಲ್ಲಿ ಕರಗಿಸಿ ಪಂಪಿನ ಚಕ್ರ, ಮುಚ್ಚಳಗಳನ್ನು ನೆನೆಹಾಕಿದರೆ ಬಿಳಿಯ ಪದರ ನೊರೆಯೆದ್ದು ಬಿಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದರೆ ಪಂಪು ಮತ್ತೆ ಮೊದಲಿನ ಎತ್ತರಕ್ಕೆ ನೀರು ಚಿಮ್ಮುತ್ತದೆ.

ಕೂಲರ್ ಕೆಲಸ ನೋಡಿದ ನೆರೆಮನೆಯವರು, ಗ್ಯಾಸ್ ಒಲೆಯ ಗುಬ್ಬಿ ಬಿಗಿಯಾಗಿದೆ, ಇದೇ ಎಣ್ಣೆ ಎರಡು ಹನಿ ಹಾಕಿ ಎಂದು ಕೇಳುತ್ತಾರೆ. ಇದಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ಇಲ್ಲ ಎನ್ನುತ್ತೇನೆ. ಒಲೆಯ ಗುಬ್ಬಿಯ ಹಿಂದೆ ಹಿತ್ತಾಳೆಯ ಶಂಕುವಿನಾಕಾರದ ಬಿರಡೆಯೊಂದು ಅದೇ ಆಕಾರದ ಗೂಡಿನಲ್ಲಿ ತಿರುಗುತ್ತದೆ. ಅವೆರಡರ ನಡುವಿನ ಗ್ರೀಸಿನ ತೆಳು ಪದರ ಬಿರಡೆಯನ್ನು ನಯವಾಗಿ ತಿರುಗಿಸುವುದಷ್ಟೇ ಅಲ್ಲ, ಗ್ಯಾಸ್ ಸೋರದಂತೆ ತಡೆಯುವುದೂ ಅದೇ. ಒಲೆಯ ಕಾವಿಗೂ ಗ್ಯಾಸಿಗೂ ಕರಗದಂತೆ ಅದಕ್ಕೆಂದೇ ಮಾಡಿದ ಗ್ರೀಸ್ ಅದು. ಮೋಟಾರಿನ ಎಣ್ಣೆ ಬಿಟ್ಟರೆ ಆ ಪದರ ತೊಳೆದುಹೋಗುತ್ತದೆ; ಗುಬ್ಬಿ ಹಗುರವಾಗಿ ತಿರುಗುತ್ತದೆ, ಗ್ಯಾಸ್ ಸೋರತೊಡಗುತ್ತದೆ. ನಾನು ಮಾಡುವುದು ಇಷ್ಟೇ: ರೆಗ್ಯುಲೇಟರ್ ಮುಚ್ಚಿ, ಪ್ಲಾಸ್ಟಿಕ್ ಗುಬ್ಬಿಯನ್ನು ಮಾತ್ರ ಎಳೆದು ತೆಗೆದು, ಅದರ ಹಿಂದೆ ಉಕ್ಕಿ ಒಣಗಿದ ಹಾಲು, ಬೇಳೆಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೊಡುತ್ತೇನೆ. ಎಷ್ಟೋ ಸಲ ಬಿಗಿಗೆ ಅದೇ ಕಾರಣ. ಆಮೇಲೂ ಬಿಗಿ ಇದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ಕನ್ನು ಕರೆಸಿ ಎನ್ನುತ್ತೇನೆ. ಅವರು ಗ್ರೀಸ್ ಹಾಕಿ ಹೋದ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುವುದಿಲ್ಲ ಎಂದು ಖಚಿತ ಮಾಡಿಕೊಂಡೇ ಬೆಂಕಿ ಹಚ್ಚಬೇಕು.

ಮಳೆ ಹಿಡಿದ ಮೇಲಿನ ಕೆಲಸ ಫೆಬ್ರವರಿಯದಕ್ಕಿಂತ ಸಣ್ಣದು, ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯದು. ತೊಟ್ಟಿ ಬರಿದು ಮಾಡಿ ಒರೆಸುತ್ತೇನೆ, ಹಳೆಯ ಹುಲ್ಲು ಎಸೆಯುತ್ತೇನೆ, ಫ್ಯಾನನ್ನು ಮಾತ್ರ ಅರ್ಧ ದಿನ ಓಡಿಸಿ ಒಳಗನ್ನು ಒಣಗಿಸುತ್ತೇನೆ. ನಂತರ ಫೆಲ್ಟಿಗೆ ಎರಡು ಹನಿ ಎಣ್ಣೆ, ಹೊರಗೆ ಕಾಣುವ ಶಾಫ್ಟಿಗೆ ಗ್ರೀಸಿನ ತೆಳು ಲೇಪ, ಮೇಲೆ ಹಳೆಯ ಹತ್ತಿ ಸೀರೆಯ ಹೊದಿಕೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ತಿಂಗಳಿಗೊಮ್ಮೆ ಕಸ ಗುಡಿಸುವಾಗ ಎಲೆಯನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸುವುದನ್ನು ತಾಯಿಯೇ ರೂಢಿ ಮಾಡಿಕೊಂಡಿದ್ದಾರೆ, ಎಣ್ಣೆ ಒಂದೇ ಕಡೆ ಕೂರುವುದಿಲ್ಲ. ಕೂಲರಿನ ತಗಡಿನ ಒಳಮೈಯಲ್ಲಿ ಬೇರಿಂಗ್ ನಂಬರು, ಕೆಪ್ಯಾಸಿಟರಿನ ಅಳತೆ, ಹಾಕಿದ ಎಣ್ಣೆಯ ದರ್ಜೆ, ತಾರೀಕು ಇಷ್ಟನ್ನೂ ಅಳಿಸದ ಮಾರ್ಕರಿನಿಂದ ಬರೆದಿಟ್ಟಿದ್ದೇನೆ. ನಾನು ಊರಲ್ಲಿಲ್ಲದಾಗ ಮೋಟಾರು ಕೈಕೊಟ್ಟರೆ, ಬಿಚ್ಚಿದವರಿಗೆ ಏನು ತರಬೇಕೆಂದು ಅಲ್ಲೇ ಗೊತ್ತಾಗುತ್ತದೆ.